ಟೈಲ್ಸ್ ನಡೆಯುವುದಿಲ್ಲ, ಮಾವ

ಮಾವನಿಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಕೂತುಕೋ. ಕನ್ನಡಕ ಹುಡುಕಬೇಡ, ಬಹುಶಃ ನಿನ್ನ ತಲೆಯ ಮೇಲೇ ಇದೆ. ಮೊದಲ ಸಾಲು ನೋಡಿ "ಆಮೇಲೆ ಓದ್ತೀನಿ" ಎಂದು ಮಡಚಿ ಜೇಬಿಗೆ ಸೇರಿಸಲೂ ಬೇಡ. ನಿನ್ನ ಜೇಬಿನಲ್ಲಿ ಈಗಾಗಲೇ ನಾನು ಬರೆದ ಒಂದು ಪುಸ್ತಿಕೆ ಇದೆ, ಅದರಿಂದ ಆಗಿರುವ ಅನಾಹುತವೇ ಸಾಕು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಳೆದ ಒಂದು ವಾರದಲ್ಲಿ ನಾನು ಆರು ಸಲ ಫೋನು ಮಾಡಿದ್ದೇನೆ, ಆರು ಸಲವೂ ಮಾತಾಡಿದ್ದು ನೀನು. ನಾನು "ಮಾವ, ಆಪರೇಷನ್ನು..." ಎನ್ನುವಷ್ಟರಲ್ಲಿ "ಊಟ ಆಯ್ತಾ? ಹಾಸ್ಟೆಲಲ್ಲಿ ನೀರು ಬರ್ತಿದೆಯಾ? ಆ ವಾರ್ಡನ್ ಇನ್ನೂ ಬಲ್ಬು ಲೆಕ್ಕ ಹಾಕ್ತಾಳಾ?" ಎಂದು ಶುರು ಮಾಡುತ್ತೀಯ. ನಾನು ಪೆದ್ದಿಯ ಹಾಗೆ ನೀರು ಬರುತ್ತದೆ ಎಂದು ಹೇಳುತ್ತೇನೆ. ನೀನು "ಸರಿ, ಇಡ್ಲಾ?" ಎಂದು ಇಟ್ಟೇಬಿಡುತ್ತೀಯ. ಕಾಗದದಲ್ಲಿ ನಿನಗೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನನ್ನಂಥವರು ಬರೆಯುವುದೇ ಅದಕ್ಕೆ.

ಮೊದಲು ವಿಷಯ. ಕಳೆದ ವಾರದ ಮಂಗಳವಾರ ನಿನ್ನ ನಾಲಿಗೆಯ ಎಡ ಅಂಚಿನ ಗಂಟನ್ನು ತೆಗೆಯಬೇಕಿತ್ತು. ನೀನು ಆಸ್ಪತ್ರೆಗೆ ಬಂದು, ಕಾಯುವ ಕುರ್ಚಿಯಲ್ಲಿ ಕೂತು, ಅಲ್ಲಿಂದ ಎದ್ದು ಮನೆಗೆ ಹೋದೆ. ಸರ್ಜನ್ ಇನ್ನೊಂದು ಮಂಗಳವಾರ ಕೊಟ್ಟಿದ್ದಾರೆ, ಅಂದರೆ ಬರುವ ಮಂಗಳವಾರ. ದಿನಾಂಕಗಳ ಪುಸ್ತಕ ನೋಡಿಕೊಳ್ಳುವ ನರ್ಸು ನಿನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು, "ಬರ್ತಾರೆ ಅಂತ ಖಾತ್ರಿಯಾದ್ಮೇಲೆ ಪೆನ್ನಲ್ಲಿ ಬರೀತೀನಿ ಕಣಮ್ಮ" ಎಂದರು. ಅವರ ಎದುರು ನನಗಾದ ಅವಮಾನವನ್ನು ನಾನು ಮರೆಯುವುದಿಲ್ಲ. ನೀನೂ ಮರೆಯಬೇಡ.

ಆ ದಿನ ನಾನು ಒಂದು ಫಾರಂ ತರಲು ಮೇಲಿನ ಮಹಡಿಗೆ ಹೋಗಿದ್ದೆ. ತಿರುಗಿ ಬಂದಾಗ ನಿನ್ನ ಕುರ್ಚಿ ಖಾಲಿ ಇತ್ತು, ಚೀಲವೂ ಇರಲಿಲ್ಲ. ಶೌಚಾಲಯಕ್ಕೆ ಹೋಗಿರಬೇಕು ಎಂದುಕೊಂಡೆ. ಗಂಡಸರ ಶೌಚಾಲಯದ ಹೊರಗೆ ಒಬ್ಬ ಹುಡುಗಿ ಅರ್ಧ ಗಂಟೆ ನಿಂತರೆ ಜನ ಹೇಗೆ ನೋಡುತ್ತಾರೆ ಎಂದು ನಿನಗೆ ಗೊತ್ತೇ? ಒಳಗೆ ನೋಡಿ ಎಂದು ಕಾವಲುಗಾರನನ್ನು ಕೇಳಲು ನನಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಅವನು ಹೇಳಿದ, "ಆ ಟೋಪಿ ಹಾಕ್ಕೊಂಡವರಾ? ಆಗ್ಲೇ ಹೋದ್ರಲ್ಲಮ್ಮ. ನನಗೂ ಒಂದು ಪುಸ್ತಕ ಕೊಟ್ಟು ಹೋದ್ರು, ನಮ್ಮ ಅಕ್ಕನ ಮಗಳು ಬರೆದಿದ್ದು, ಓದಿ ಅಂತ."

ಅವನ ಕೈಯಲ್ಲಿ ನನ್ನ ಪುಸ್ತಿಕೆ ಇತ್ತು. ಏಳನೇ ಪುಟದ ಮೂಲೆ ಮಡಚಿತ್ತು.

ಆ ಪುಟವನ್ನು ಈಗ ನನಗಿಂತ ಚೆನ್ನಾಗಿ ನೀನೇ ಬಾಯಿಪಾಠ ಹೇಳುತ್ತೀಯಂತೆ. ಅಮ್ಮ ಹೇಳಿದಳು, "ನಿನ್ನ ಮಾವ ಈಗ ಡಾಕ್ಟ್ರಾಗಿದ್ದಾನೆ ಕಣೆ. ಹಾಲಿನವನಿಗೆ ಓದಿ ಹೇಳಿದ, ಮೀಟರ್ ನೋಡೋಕೆ ಬಂದವನನ್ನ ಕೂರಿಸ್ಕೊಂಡು ಓದಿ ಹೇಳಿದ. ಆ ಮನುಷ್ಯ ಮೀಟರ್ ನೋಡದೆ ಹೋದ." ನಿನ್ನ ಶಿಷ್ಯಕೋಟಿ ಎಷ್ಟೇ ಬೆಳೆಯಲಿ, ಮೂಲ ವಾಕ್ಯವನ್ನು ಬರೆದವಳು ನಾನು. ಅದನ್ನು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ಕೊನೆಯ ಸಲ:

"ನಮ್ಮ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಅಂಟು ಸಡಿಲವಾದಾಗ, ನೆಲದಿಂದ ಎದ್ದ ಟೈಲ್ಸ್‌ನಂತೆ, ಕ್ಯಾನ್ಸರಿನ ಕೋಶ ತನ್ನ ಜಾಗದಿಂದ ಕಳಚಿಕೊಂಡು ದೇಹದ ಬೇರೆ ಕಡೆಗೆ ಹರಡುತ್ತದೆ."

ಇದನ್ನು ಓದಿ ನಿನಗೆ ಏನನಿಸಿತು ಎಂಬುದನ್ನು ನಾನು ಊಹಿಸಬೇಕಾಗಿಲ್ಲ. ಆರು ಫೋನುಗಳಲ್ಲಿ ಒಂದರಲ್ಲಿ ಮಾತ್ರ ನೀನು ಆ ವಿಷಯ ಎತ್ತಿದ್ದೆ. "ಟೊಳ್ಳಾದ ಟೈಲ್ಸ್‌ನ ಕೆದಕಬಾರದು ಕಣೇ ಪಂಡಿತೆ. ಮುಟ್ಟದೆ ಬಿಟ್ರೆ ಇಪ್ಪತ್ತು ವರ್ಷ ಅಲ್ಲೇ ಕೂತಿರುತ್ತೆ. ಒಂದನ್ನ ಕಿತ್ತರೆ ಅಕ್ಕಪಕ್ಕದ್ದೂ ಏಳುತ್ತೆ. ನೀನೇ ಬರ್ದಿದೀಯಲ್ಲ." ಆ ಕೊನೆಯ ಮಾತು ಕೇಳಿದ ಮೇಲೆ ನಾನು ಎರಡು ದಿನ ಕ್ಯಾಂಟೀನಿಗೆ ಹೋಗಲಿಲ್ಲ.

ನಿನ್ನ ಮಾತಿನಲ್ಲಿ ಹುಳುಕು ಹುಡುಕಲು ನೋಡಿದೆ, ಸಿಗಲಿಲ್ಲ. ಅದೇ ನನಗೆ ರೇಗುವುದು. ನನ್ನ ವಾಕ್ಯ ಸರಿಯಾಗಿದ್ದರೆ ನೀನು ತೆಗೆದುಕೊಂಡ ತೀರ್ಮಾನವೂ ಸರಿಯೇ. ನಾನು ಹನ್ನೆರಡು ವರ್ಷದವಳಿದ್ದಾಗ ರಜೆಯಲ್ಲಿ ನೀನು ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ನೆನಪಿದೆಯೇ? ಒಂದು ದೊಡ್ಡ ಹಾಲಿನಲ್ಲಿ ನೀನು ಮಂಡಿಯೂರಿ ಬೆರಳ ಗೆಣ್ಣಿನಿಂದ ಒಂದೊಂದೇ ಟೈಲ್ಸನ್ನು ತಟ್ಟುತ್ತಾ ಹೋದೆ. ಒಂದು ಕಡೆ ಸದ್ದು ಬದಲಾಯಿತು. "ಕೇಳಿಸ್ತಾ? ಕೆಳಗೆ ಸಿಮೆಂಟು ಬಿಟ್ಟಿದೆ" ಎಂದೆ. ಮನೆಯ ಯಜಮಾನ ಅದನ್ನು ಕಿತ್ತು ಹೊಸದು ಹಾಕು ಎಂದ. ನೀನು ಬೇಡ ಎಂದೆ. ಅವನು ನಿನ್ನ ಕೈಯಿಂದ ಉಳಿ ಕಸಿದುಕೊಂಡು ತಾನೇ ಮೀಟಿದ. ಒಂದರ ಬದಲು ಆರು ಎದ್ದವು. ನೀನು ಬಾಗಿಲ ಹತ್ತಿರ ಕೂತು ಚಹಾ ಕುಡಿಯುತ್ತಾ, "ಈಗ ಹೊಸಾ ಮನೇನೇ ಕಟ್ಟಿಸ್ಬಿಡಿ ಸ್ವಾಮಿ" ಎಂದೆ. ನಾನು ನಗಲು ಹೆದರಿ ಸೆರಗಿಲ್ಲದ ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದೆ.

ಆ ಆರು ಟೈಲ್ಸೇ ನನ್ನ ವಾಕ್ಯಕ್ಕೆ ಬಂದು ಕೂತದ್ದು. ನಿನಗೆ ಗೊತ್ತಾಗದ ಹಾಗೆ ನಿನ್ನನ್ನು ಒಂದು ಪುಸ್ತಕದಲ್ಲಿ ಸೇರಿಸಿದ್ದೇನೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಈಗ ತಪ್ಪೊಪ್ಪಿಗೆ. ಇದನ್ನು ನಿಧಾನವಾಗಿ ಓದು, ಇದು ಮುಖ್ಯ.

ನನ್ನ ಕೆಲಸ ಏನೆಂದು ನೀನು ಎಲ್ಲರಿಗೂ "ಆಸ್ಪತ್ರೇಲಿ ದೊಡ್ಡ ಆಫೀಸರು" ಎನ್ನುತ್ತೀಯ. ನಾನು ಕೂರುವುದು ಕಡತಗಳ ಕಪಾಟು ಮತ್ತು ಕೆಟ್ಟ ಫ್ಯಾನಿನ ನಡುವೆ. ಡಾಕ್ಟರುಗಳು ಹೇಳುವುದನ್ನು ಕಾಯಿಲೆಯವರಿಗೂ ಮನೆಯವರಿಗೂ ತಿಳಿಯುವಂತೆ ಬರೆಯುವುದು ನನ್ನ ಕೆಲಸ. ಕ್ಯಾನ್ಸರ್ ಹೇಗೆ ಹರಡುತ್ತದೆ ಎಂಬ ಪುಸ್ತಿಕೆಗಾಗಿ ನನ್ನನ್ನು ಆಸ್ಪತ್ರೆಯ ಪ್ರಯೋಗಾಲಯದ ಮೇಡಂ ಹತ್ತಿರ ಕಳಿಸಿದರು. ಅವರು ಇಪ್ಪತ್ತು ವರ್ಷಗಳಿಂದ ಒಂದೇ ವಿಷಯ ನೋಡುತ್ತಿದ್ದಾರೆ. ಕೋಶಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ, ಆ ಹಿಡಿತದ ಪ್ರೋಟೀನುಗಳು ಕೆಟ್ಟರೆ ಏನಾಗುತ್ತದೆ, ಇಷ್ಟೇ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಾರೆ. ಅವರೂ ನೀನೂ ಭೇಟಿಯಾದರೆ ಒಬ್ಬರಿಗೊಬ್ಬರು ಬಿಡುವು ಕೊಡುವುದಿಲ್ಲ.

ಅವರು ನನ್ನ ಮೊದಲ ಪ್ರತಿಯನ್ನು ಓದಿ ಏಳನೇ ಪುಟಕ್ಕೆ ಕೆಂಪು ಗೆರೆ ಎಳೆದರು. "ಈ ವಾಕ್ಯ ತುಂಬಾ ಚೆನ್ನಾಗಿದೆ. ಅದಕ್ಕೇ ತೆಗಿ" ಎಂದರು. "ಜನ ಇದೊಂದನ್ನೇ ನೆನಪಿಟ್ಕೊಳ್ತಾರೆ, ಮಿಕ್ಕಿದ್ದನ್ನ ಬಿಡ್ತಾರೆ. ಇದು ಅಂಟಲ್ಲಮ್ಮ. ಅಂಟು ಯಾರ ಹತ್ರಾನೂ ಮಾತಾಡಲ್ಲ. ಇದು ಮಾತಾಡುತ್ತೆ."

ನಾನು "ಸರಿ ಮೇಡಂ" ಎಂದೆ. ನನಗೆ ಬರುವ ಎರಡೇ ಮಾತುಗಳು ಅವು. ನನ್ನ ಮೇಜಿಗೆ ಬಂದು ಅವರು ತಿದ್ದಿದ್ದನ್ನೆಲ್ಲ ತಿದ್ದಿದೆ, ಅದೊಂದನ್ನು ಬಿಟ್ಟೆ. ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ಅಚ್ಚಿಗೆ ಹೋಗುವ ಮುಂಚಿನ ಹಾಳೆಗಳು ಬಂದಾಗ ಆ ವಾಕ್ಯದ ಪಕ್ಕದಲ್ಲೇ "ಸರಿಯಿದೆ" ಎಂದು ಬರೆದು ಸಹಿ ಹಾಕಿದೆ. ಆಗಲೂ ಮರೆತಿರಲಿಲ್ಲ, ಮಾವ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳಿಗೆ ಆರು ತಿಂಗಳಲ್ಲಿ ಬರೆದ ಒಂದು ಒಳ್ಳೆಯ ಸಾಲನ್ನು ಹೊಡೆದು ಹಾಕಲು ಮನಸ್ಸು ಬರಲಿಲ್ಲ. ಎದುರಿಗೆ ವಾದ ಮಾಡುವ ಧೈರ್ಯ ಇರಲಿಲ್ಲ, ಹಿಂದಿನಿಂದ ಮಾತು ಮೀರುವ ಧೈರ್ಯ ಇತ್ತು. ಸಂಕೋಚದವರನ್ನು ಜನ ಒಳ್ಳೆಯವರೆಂದು ತಿಳಿಯುತ್ತಾರೆ. ನಮ್ಮ ಹಟ ಹೊರಗೆ ಕಾಣುವುದಿಲ್ಲ, ಅಷ್ಟೆ.

ಎರಡು ಸಾವಿರ ಪ್ರತಿ ಅಚ್ಚಾಯಿತು. ಅದನ್ನು ಅಕ್ಷರಶಃ ನಂಬಿ ನಡೆದ ಮೊದಲ ಓದುಗ ನೀನು.

ಹಾಗಾದರೆ ನಿಜವೇನು ಎಂದು ಕೇಳುತ್ತೀಯ. ಕೇಳದಿದ್ದರೂ ಹೇಳುತ್ತೇನೆ. ನೀನು ಓಡಿಹೋದ ಮರುದಿನ ನಾನು ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು "ಬಾ, ಇದನ್ನ ನೋಡು. ನೋಡಿದ್ಮೇಲೆ ನಿನ್ನ ಮಾವನಿಗೆ ನೀನೇ ಹೇಳು" ಎಂದು ಕಂಪ್ಯೂಟರಿನಲ್ಲಿ ಒಂದು ಚಿತ್ರ ಹಾಕಿದರು. ಸೂಕ್ಷ್ಮದರ್ಶಕದ ಕೆಳಗೆ ಒಂದಿಡೀ ದಿನ ತೆಗೆದದ್ದನ್ನು ಒಂದು ನಿಮಿಷಕ್ಕೆ ಇಳಿಸಿದ್ದರು.

ಮೊದಲು ಆರೋಗ್ಯವಾದ ಕೋಶಗಳು. ಒಂದಕ್ಕೊಂದು ಒತ್ತಿಕೊಂಡು, ಸಂದು ಕಾಣದ ಹಾಗೆ, ನೀನು ಹಾಕಿದ ನೆಲದಂತೆಯೇ ಇದ್ದವು. (ನನ್ನ ತಪ್ಪು ಹುಟ್ಟಿದ್ದು ಇಲ್ಲೇ.) ಪ್ರತಿ ಕೋಶದ ಹೊರಪೊರೆಯಲ್ಲೂ ಕೈಗಳಂಥ ಪ್ರೋಟೀನುಗಳಿವೆ. ಕೈಯ ಹೊರತುದಿ ಪಕ್ಕದ ಕೋಶದ ಕೈಯನ್ನು ಹಿಡಿದಿರುತ್ತದೆ, ಒಳತುದಿ ಕೋಶದ ಒಳಗಿರುತ್ತದೆ. ಕ್ಯಾಧೆರಿನ್ ಎಂದು ಅದರ ಹೆಸರು. ಅದು ಸುಮ್ಮನೆ ಹಿಡಿದುಕೊಂಡಿರುವುದಿಲ್ಲ. ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುತ್ತಿರುತ್ತದೆ. ಸುತ್ತ ಜನ ಇದ್ದಾರೆ, ಇನ್ನು ಜಾಗವಿಲ್ಲ, ಬೆಳೆದದ್ದು ಸಾಕು, ನಿಲ್ಲು. ಕೋಶ ಆ ಮಾತು ಕೇಳಿ ನಿಲ್ಲುತ್ತದೆ. ಇನ್ನೊಂದು ಬಗೆಯ ಕೈ ಕೆಳಗಿನ ನೆಲವನ್ನು ಹಿಡಿದಿರುತ್ತದೆ. ಅದು ಇಂಟೆಗ್ರಿನ್. ನೀನು ನಿನ್ನ ಜಾಗದಲ್ಲಿದ್ದೀಯ, ಬದುಕಿರು ಎಂದು ಅದು ಒಳಗೆ ಹೇಳುತ್ತಿರುತ್ತದೆ. ಒಳ್ಳೆಯ ಕೋಶವೊಂದು ಅಂಟು ಬಿಟ್ಟು ಕಳಚಿಕೊಂಡಿತು ಎನ್ನು, ಆ ಮಾತು ನಿಂತುಹೋಗುತ್ತದೆ, ಕೋಶ ತಾನಾಗಿ ಸಾಯುತ್ತದೆ. ಕಳಚಿದ್ದೆಲ್ಲ ಹರಡುವುದಾದರೆ, ದಿನಾ ಹಲ್ಲುಜ್ಜುವಾಗ ಉದುರುವ ಕೋಶಗಳಿಂದಲೇ ನಿನಗೆ ಹೊಟ್ಟೆಯಲ್ಲೊಂದು ನಾಲಿಗೆ ಬೆಳೆಯಬೇಕಿತ್ತು.

ಆಮೇಲೆ ಕ್ಯಾನ್ಸರ್ ಕೋಶಗಳನ್ನು ತೋರಿಸಿದರು. ಅವುಗಳಲ್ಲಿ ಪಕ್ಕದವರನ್ನು ಹಿಡಿಯುವ ಕೈಗಳು ಕಡಿಮೆಯಾಗಿರುತ್ತವೆ. ನಿಲ್ಲು ಎಂದು ಹೇಳುವವರಿಲ್ಲ. ನೆಲ ಹಿಡಿಯುವ ಕೈಗಳು ಮಾತ್ರ ಅತಿಯಾಗಿ ಚುರುಕಾಗುತ್ತವೆ, ಎಲ್ಲಿದ್ದರೂ ಬದುಕಿರು, ಮುಂದೆ ಹೋಗು ಎಂದು ಬಿಡದೆ ಹೇಳುತ್ತವೆ. ಚಿತ್ರದಲ್ಲಿ ಅಂಚಿನ ಒಂದು ಕೋಶ ಮುಂದಕ್ಕೆ ಚಾಚಿತು. ಅಲ್ಲಿ ಹಿಡಿಯಿತು. ಹಿಂದಿನ ಹಿಡಿತ ಬಿಟ್ಟಿತು. ಮೈಯನ್ನು ಎಳೆದುಕೊಂಡಿತು. ಮತ್ತೆ ಚಾಚಿತು. ಯಾರೂ ಅದನ್ನು ಮುಟ್ಟಿರಲಿಲ್ಲ, ಮಾವ. ಯಾರೂ ಕೆದಕಿರಲಿಲ್ಲ, ಮೀಟಿರಲಿಲ್ಲ. ಮುಚ್ಚಳ ಹಾಕಿದ ಗಾಜಿನ ತಟ್ಟೆಯಲ್ಲಿ ಅದು ತನ್ನಷ್ಟಕ್ಕೆ ನಡೆಯುತ್ತಿತ್ತು.

ಟೈಲ್ಸ್ ನಡೆಯುವುದಿಲ್ಲ. ಟೊಳ್ಳಾದ ಟೈಲ್ಸ್ ಇಪ್ಪತ್ತು ವರ್ಷ ಅಲ್ಲೇ ಕೂತಿರುವುದು ಅದಕ್ಕೆ ಜೀವ ಇಲ್ಲದ್ದರಿಂದ. ನಿನ್ನ ನಾಲಿಗೆಯಲ್ಲಿರುವುದು ಕಾದುಕೊಂಡು ಕೂರುವ ವಸ್ತುವಲ್ಲ. ನೀನು ಮುಟ್ಟದೆ ಬಿಟ್ಟರೆ ಅದಕ್ಕೆ ಸಮಯ ಕೊಟ್ಟ ಹಾಗೆ. ಈಗ ಅದು ನಾಲಿಗೆಯ ಅಂಚಿನಲ್ಲೇ ಇದೆ, ಕತ್ತಿನ ಗ್ರಂಥಿಗಳಿಗೆ ಹೋದ ಗುರುತು ಸ್ಕ್ಯಾನಿನಲ್ಲಿ ಇಲ್ಲ. ನಾಲಿಗೆಯಿಂದ ಹೊರಟದ್ದು ಸಾಮಾನ್ಯವಾಗಿ ಮೊದಲು ಹೋಗುವುದು ಅಲ್ಲಿಗೇ. ಅದಕ್ಕೇ ಸರ್ಜನ್ ಗಂಟಿನ ಜೊತೆಗೆ ಆ ಗ್ರಂಥಿಗಳನ್ನೂ ತೆಗೆಯುತ್ತೇನೆ ಎಂದದ್ದು, ನಿನ್ನನ್ನು ಅಲಂಕಾರ ಮಾಡಲಿಕ್ಕಲ್ಲ.

"ಪರೀಕ್ಷೆಗೆ ಚೂರು ತೆಗೆದಾಗಲೇ ಕೆದಕಿದ್ರು, ಅಲ್ಲಿಂದಾನೇ ಬೆಳೀತು" ಎಂದು ನೀನು ಅಮ್ಮನಿಗೆ ಹೇಳಿದ್ದೂ ಗೊತ್ತಾಯಿತು. ಅದನ್ನೂ ಕೇಳಿದೆ. ಸರ್ಜನ್ ಕೋಣೆಯಲ್ಲಿ, ನಾಲ್ಕು ಜನ ಕಿರಿಯ ಡಾಕ್ಟರುಗಳ ಎದುರು ನಿಂತು, ಕಿವಿಯ ತನಕ ಬಿಸಿಯಾಗಿ, ಕೇಳಿದೆ. ಅವರು ನಗಲಿಲ್ಲ. "ಎಲ್ಲರೂ ಇದನ್ನ ಮನಸ್ಸಲ್ಲಿ ಇಟ್ಕೊಂಡಿರ್ತಾರೆ, ಕೇಳೋರು ಕಡಿಮೆ" ಎಂದರು. ಚೂರು ತೆಗೆದದ್ದರಿಂದ ಬೆಳೆದದ್ದಲ್ಲವಂತೆ. ತೆಗೆಯದಿದ್ದರೂ ಬೆಳೆಯುತ್ತಿತ್ತು, ನಮಗೆ ಗೊತ್ತಾಗುತ್ತಿರಲಿಲ್ಲ. ಆಪರೇಷನ್ನಿನಲ್ಲಿ ಗಂಟನ್ನು ಮಾತ್ರ ಮೀಟಿ ತೆಗೆಯುವುದಿಲ್ಲ, ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಇಡಿಯಾಗಿ ತೆಗೆಯುತ್ತಾರೆ. ಏನೂ ಅಪಾಯವೇ ಇಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸುಂದರವಾದ ಸುಳ್ಳು ಒಂದು ಸಲ ಬರೆದದ್ದು ಸಾಕು.

ಇನ್ನೊಂದು ಲೆಕ್ಕ. ಮೊದಲ ಸಲ ಅಳೆದಾಗ ಅದು ಹದಿನಾಲ್ಕು ಮಿಲಿಮೀಟರ್ ಇತ್ತು. ಒಂದೂವರೆ ತಿಂಗಳ ಮೇಲೆ ಹದಿನಾರು. "ಎರಡು ಮಿಲಿಮೀಟರ್ ತಾನೆ" ಎಂದೆಯಂತೆ. ಈ ಮಾತನ್ನು ನೀನು ಹೇಳಿದ್ದೀಯ ಎಂದು ನಾನು ನಂಬಬೇಕೇ? ಎರಡು ಮಿಲಿಮೀಟರ್ ಓರೆಯಾಯಿತೆಂದು ಒಂದು ಅಡುಗೆಮನೆಯ ಇಡೀ ಸಾಲನ್ನು ಸಿಮೆಂಟು ಹಸಿ ಇರುವಾಗಲೇ ಎಬ್ಬಿಸಿ ಮತ್ತೆ ಹಾಕಿದವನು ನೀನು. ಆ ಮನೆಯವರು ಸಾಕು ಬಿಡಿ ಎಂದರೂ ಬಿಡದೆ, "ನಿಮಗೆ ಕಾಣಲ್ಲ, ನಂಗೆ ಕಾಣುತ್ತೆ" ಎಂದವನು. ಬೇರೆಯವರ ಅಡುಗೆಮನೆಗೆ ಇರುವ ಮರ್ಯಾದೆ ನಿನ್ನ ಬಾಯಿಗೆ ಇಲ್ಲವೇ?

ಇಲ್ಲಿಯತನಕ ಬರೆದದ್ದನ್ನು ನಾನು ಮೊನ್ನೆಯೇ ಬರೆದಿದ್ದೆ, ಅಂಚೆಗೆ ಹಾಕಬೇಕಿತ್ತು. ಹಾಕುವ ಮುಂಚೆ ಅಮ್ಮ ಫೋನು ಮಾಡಿದಳು. ನೀನು ಕೆಳಗಿನ ಕೋಣೆಯಲ್ಲಿ ಮಲಗಿದ್ದೆ ಎಂದು ಮೆಲ್ಲಗೆ ಮಾತಾಡಿದಳು. "ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಏನೇನೋ ಹೇಳ್ತಾನೆ ಕಣೆ. ಕರಣೆ, ರಸಮಟ್ಟ, ಸುತ್ತಿಗೆ... ಅವನ ಕೆಲಸದ ಸಾಮಾನೆಲ್ಲ, ಒಂದೊಂದೇ. ಬಾಯಲ್ಲಿ ಏನೋ ಇಟ್ಕೊಂಡು ಮಾತಾಡಿದ ಹಾಗೆ. ನಿನ್ನೆ ಹೆದರಿ ಬಾಗಿಲು ತಟ್ಟಿದೆ. ಏನಿಲ್ಲ ಅಕ್ಕ, ಬಾಯಿ ಮುಕ್ಕಳಿಸ್ತಿದ್ದೆ ಅಂದ. ಬಟ್ಟೆ ಚೂರನ್ನ ಉಂಡೆ ಮಾಡಿ ನಾಲಿಗೆ ಪಕ್ಕ ಇಟ್ಕೊಂಡಿದ್ದ. ಅಷ್ಟು ಭಾಗ ಇಲ್ಲದಿದ್ರೆ ಹೇಗೆ ಕೇಳಿಸುತ್ತೆ ಅಂತ ನೋಡ್ತಿದ್ನೋ ಏನೋ." ಇಡುವ ಮುಂಚೆ ಹೇಳಿದಳು, "ನಿನ್ನ ಹೆಸರನ್ನೂ ಹೇಳ್ದ. ಅದು ಸರಿಯಾಗಿ ಬರ್ಲಿಲ್ಲ. ಮೂರು ಸಲ ಹೇಳ್ದ."

ಫೋನು ಇಟ್ಟ ಮೇಲೆ ನನಗೆ ಬಂದ ಸಿಟ್ಟು, ಮಾವ, ಇಷ್ಟು ದಿನ ಬಂದದ್ದೆಲ್ಲ ಸೇರಿದರೂ ಅಷ್ಟಾಗಲಿಕ್ಕಿಲ್ಲ. ಟೈಲ್ಸ್ ಅಂತೆ, ಟೊಳ್ಳಂತೆ, ಏಳನೇ ಪುಟವಂತೆ. ನಿನಗೆ ಬೇಕಿದ್ದದ್ದು ಒಂದು ಪರದೆ. ನನ್ನ ವಾಕ್ಯ ಕೈಗೆ ಸಿಕ್ಕಿತು, ಹಿಡಿದು ಅದರ ಹಿಂದೆ ನಿಂತುಕೊಂಡೆ. ಹದಿನೆಂಟು ದಿನ ನಾನು ನಿನ್ನನ್ನು ಕೊಂದೆ ಎಂದುಕೊಂಡು ಅನ್ನ ಬಿಟ್ಟು ಅಲೆದಿದ್ದೇನೆ. ಅಲ್ಲ, ಒಂಬತ್ತು ದಿನ. ನನಗೆ ಹದಿನೆಂಟರ ಹಾಗೆ ಕಂಡಿತು. ಸರ್ಜನ್ ಹತ್ತಿರ ನೀನು ಕೇಳಿದ್ದೇನು? ಎಷ್ಟು ಹೊಲಿಗೆ, ಎಷ್ಟು ದಿನ, ಮಂಡಿಯೂರಿ ಕೆಲಸ ಯಾವಾಗ ಮಾಡಬಹುದು. ಹತ್ತು ಪ್ರಶ್ನೆ ಕೇಳಿದೆ. ಮಾತಾಡಲು ಆಗುತ್ತದೆಯೇ ಎಂದು ಒಂದು ಸಲವಾದರೂ ಕೇಳಿದೆಯಾ? ಪಕ್ಕದಲ್ಲಿ ಕೂತಿದ್ದ ನಾನು, ಎಲ್ಲವನ್ನೂ ಗಮನಿಸುತ್ತೇನೆಂದು ಜಂಬಪಡುವ ನಾನು, ನೀನು ಕೇಳದೆ ಬಿಟ್ಟದ್ದನ್ನು ಗಮನಿಸಲಿಲ್ಲ.

ಅದಕ್ಕೇ ನಿನ್ನೆ ನಾನೇ ಕೇಳಿಕೊಂಡು ಬಂದೆ. ಆಸ್ಪತ್ರೆಯಲ್ಲಿ ಆಪರೇಷನ್ ಆದವರಿಗೆ ಮಾತು ಅಭ್ಯಾಸ ಮಾಡಿಸುವ ಅಕ್ಕ ಒಬ್ಬರಿದ್ದಾರೆ. ಅವರು ನಿನ್ನ ಕಾಗದಪತ್ರ ನೋಡಿ, ನಾಲಿಗೆಯ ಬಹುಪಾಲು ಉಳಿಯುತ್ತದೆ, ಮಾತು ಬರುತ್ತದೆ, ಮೊದಲ ಕೆಲವು ವಾರ ಕಷ್ಟ, ಆಮೇಲೂ ಕೆಲವು ಅಕ್ಷರ ದಪ್ಪವಾಗಿ ಕೇಳಿಸಬಹುದು ಎಂದರು. ನನ್ನ ಮುಖ ನೋಡಿ, "ನಾನು ಹೇಳಿದ್ರೆ ನಂಬಲ್ಲ. ಹಿಂದಿನ ಬೀದಿಯ ಕ್ಷೌರದ ಅಂಗಡಿಗೆ ಹೋಗು. ಎರಡು ವರ್ಷದ ಹಿಂದೆ ಅವರಿಗೂ ಇದೇ ಆಗಿತ್ತು. ಭಯ ಇರೋರನ್ನ ಕಳಿಸಿ ಅಂತ ಅವರೇ ಹೇಳಿದಾರೆ" ಎಂದರು.

ಗಂಡಸರ ಕ್ಷೌರದಂಗಡಿಗೆ ನಾನು ಹೋದೆ. ನಿನಗಾಗಿ ನಾನು ಏನೇನು ಮಾಡಿದ್ದೇನೆ ಎಂಬ ಪಟ್ಟಿಯಲ್ಲಿ ಇದನ್ನು ಮೊದಲು ಬರೆದುಕೋ. ಮೂರು ಕನ್ನಡಿಗಳಲ್ಲಿ ಮೂರು ಗಂಡಸರು ನನ್ನನ್ನು ನೋಡಿದರು. ನಾನು ಬಾಗಿಲಲ್ಲೇ ನಿಂತು ಬಾಯಿ ತೆರೆದು ಮುಚ್ಚಿದೆ. ಕ್ಷೌರಿಕನೇ ಕೇಳಿದ, "ಆಸ್ಪತ್ರೆಯಿಂದ ಬಂದ್ಯಾ? ಯಾರಿಗಮ್ಮ, ಅಪ್ಪನಿಗಾ?"

"ಮಾವನಿಗೆ."

"ಮಾತಾಡೋರಾ?"

"ತುಂಬಾ."

"ಹಾಗಾದ್ರೆ ಭಯ ಇರುತ್ತೆ ಬಿಡು" ಎಂದು ಕತ್ತರಿ ಇಟ್ಟು, ನಾಲಿಗೆ ಚಾಚಿ ತೋರಿಸಿದ. ಒಂದು ಅಂಚು ಒಳಕ್ಕೆ ಬಾಗಿದೆ, ಅಷ್ಟೆ. ಅವನ 'ಟ' ಮತ್ತು 'ಳ' ಸ್ವಲ್ಪ ದಪ್ಪ. ಎರಡು ನಿಮಿಷ ಕೇಳಿದ ಮೇಲೆ ಕಿವಿ ಅದನ್ನು ಮರೆಯುತ್ತದೆ. "ಮೊದಲ ತಿಂಗಳು ನನ್ನ ಹೆಂಡ್ತಿಗೂ ಅರ್ಥ ಆಗ್ತಿರಲಿಲ್ಲ. ಅವಳು ಅದೇ ಒಳ್ಳೇ ಕಾಲ ಅಂತಾಳೆ ಈಗ" ಎಂದ. ಅವನ ಕೈಕೆಳಗೆ ಕೆನ್ನೆಗೆಲ್ಲ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿ ಕಣ್ಣು ಬಿಡದೆ, "ಇವನ ನಾಲಿಗೆ ಇನ್ನೊಂಚೂರು ತೆಗೀಬೇಕಿತ್ತು ಕಣಮ್ಮ, ನಮ್ಮ ಕಿವಿ ಉಳೀತಿತ್ತು" ಎಂದ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಹೊರಡುವಾಗ ಅವನು ಬಾಗಿಲ ತನಕ ಬಂದು, ಉಳಿದವರಿಗೆ ಕೇಳಿಸದಂತೆ ಹೇಳಿದ, "ನಾನು ಮೂರು ತಿಂಗಳು ತಡ ಮಾಡಿದೆ. ಅದಕ್ಕೇ ಇಷ್ಟು ಹೋಯ್ತು. ಮೊದಲೇ ಬಂದಿದ್ರೆ ಇನ್ನೂ ಕಡಿಮೇಲಿ ಮುಗೀತಿತ್ತಂತೆ. ಅವರಿಗೆ ಇದನ್ನ ಹೇಳು."

ಹೇಳಿದ್ದೇನೆ.

ಇನ್ನೊಂದು ಮಾತಿದೆ. ಇದನ್ನು ಎದುರಿಗೆ ನಾನು ಎಂದೂ ಹೇಳಲಾರೆ. ಶಾಲೆಗೆ ಸೇರಿಸುವ ದಿನ ಮುಖ್ಯೋಪಾಧ್ಯಾಯಿನಿ ನಾಲ್ಕು ಸಲ ಹೆಸರು ಕೇಳಿದರೂ ನಾನು ಬಾಯಿ ಬಿಡಲಿಲ್ಲ, ನೀನು ಹೇಳಿದೆ. ಚಪ್ಪಲಿ ಅಂಗಡಿಯಲ್ಲಿ ನಾನು ಒಂದಕ್ಷರ ಆಡದಿದ್ದರೂ "ಇವಳಿಗೆ ಬಲಗಾಲಿನ ಹೆಬ್ಬೆರಳು ಒತ್ತುತ್ತಂತೆ, ಇನ್ನೊಂದು ಅಳತೆ ಕೊಡಿ" ಎಂದೆ. ನಿಜವಾಗಿಯೂ ಒತ್ತುತ್ತಿತ್ತು. ಮನೆಗೆ ನೆಂಟರು ಬಂದಾಗ, ಡಾಕ್ಟರ ಹತ್ತಿರ ಹೋದಾಗ, ನಾನು ಗಣಿತ ಬಿಟ್ಟು ಸಾಹಿತ್ಯ ಓದುತ್ತೇನೆ ಎಂದು ಅಮ್ಮನಿಗೆ ಹೇಳಬೇಕಾದಾಗ, "ಅವಳಿಗೆ ಇದು ಬೇಕಂತೆ" ಎಂದು ಶುರುವಾಗುತ್ತಿತ್ತು ನಿನ್ನ ಮಾತು. ನಾನು ನಿನಗೆ ಹೇಳಿಯೇ ಇರುತ್ತಿರಲಿಲ್ಲ. ನನ್ನ ಮುಖ ನೋಡಿ ನೀನು ಓದಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಾಗಿ ಓದಲಿಲ್ಲ.

ಆಡದೆ ಇದ್ದ ನನ್ನ ಮಾತೆಲ್ಲ ನಿನಗೆ ತಿಳಿಯುತ್ತಿತ್ತು. ನೀನು ಮುಕ್ಕಾಲು ಆಡಿದ ಮಾತು ನನಗೆ ತಿಳಿಯುವುದಿಲ್ಲ ಎಂದು ನಿನಗೆ ಯಾಕೆ ಅನ್ನಿಸಿತು? ನನ್ನ ಹೆಸರು ಸರಿಯಾಗಿ ಬರದಿದ್ದರೆ ಬರದ ಹಾಗೆಯೇ ಕರೆ. ನಾನು ತಿರುಗಿ ನೋಡುತ್ತೇನೆ. ಅಂಗಡಿಯವನಿಗೆ ಅರ್ಥವಾಗದಿದ್ದರೆ "ಇವರಿಗೆ ಇದು ಬೇಕಂತೆ" ಎಂದು ನಾನು ಹೇಳುತ್ತೇನೆ. ಕಿವಿ ಬಿಸಿಯಾದರೂ ಹೇಳುತ್ತೇನೆ. ಈ ಒಂಬತ್ತು ದಿನಗಳಲ್ಲಿ ನೀನು ನನ್ನ ಕೈಯಲ್ಲಿ ಎಷ್ಟು ಜನರೊಂದಿಗೆ ಮಾತಾಡಿಸಿದ್ದೀಯ ಎಂದು ಎಣಿಸಿದರೆ ಎಂ.ಎ.ಯ ಎರಡು ವರ್ಷಕ್ಕಿಂತ ಹೆಚ್ಚಾಗುತ್ತದೆ.

ಏಳನೇ ಪುಟವನ್ನು ಹೊಸದಾಗಿ ಬರೆದು ಮೇಡಂಗೆ ತೋರಿಸಿದ್ದೇನೆ. ಅದರಲ್ಲಿ ಒಂದೂ ಚೆಂದದ ಸಾಲಿಲ್ಲ. ಅವರು ಓದಿ ತಲೆಯಾಡಿಸಿದರು. ಉಳಿದ ಪ್ರತಿಗಳಿಂದ ಹಳೆಯ ಹಾಳೆಯನ್ನು ಕತ್ತರಿಸಿ ಹೊಸದನ್ನು ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನ ಜೇಬಿನ ಪ್ರತಿಯನ್ನು ತೆಗೆದುಕೊಂಡು ಬಾ, ಅದೂ ಲೆಕ್ಕದಲ್ಲಿದೆ. ಕಾವಲುಗಾರ ತನ್ನದನ್ನು ಆಗಲೇ ತಂದುಕೊಟ್ಟ.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ, ಎರಡನೇ ಮಹಡಿ. ಹಿಂದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನಬೇಡ. ಅಮ್ಮನನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಬಸ್ಸಿನಲ್ಲಿ ಯಾರಿಗಾದರೂ ಭಾಷಣ ಮಾಡುತ್ತಾ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತೀಯ. ಈ ಸಲ ನಾನು ಫಾರಂ ತರಲು ಹೋಗುವುದಿಲ್ಲ, ಎಲ್ಲವನ್ನೂ ತುಂಬಿಸಿ ಇಟ್ಟಿದ್ದೇನೆ. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ನೀನು ಶೌಚಾಲಯಕ್ಕೆ ಹೋದರೆ ಬಾಗಿಲ ತನಕ ಬರುತ್ತೇನೆ, ಜನ ನೋಡಿದರೆ ನೋಡಲಿ. ಒಳಗೆ ಹೋಗುವ ಮುಂಚೆ ಭಯವಾಗುತ್ತದೆ ಎಂದು ಹೇಳು. ಹೊಲಿಗೆ, ಮಂಡಿ ಎಂದೆಲ್ಲ ಸುತ್ತಿ ಬಳಸಬೇಡ. ಭಯವಾಗುತ್ತದೆ ಎಂದು ನೇರವಾಗಿ ಹೇಳು. ನನಗೂ ಆಗುತ್ತದೆ.

ಇವತ್ತು ಬೆಳಿಗ್ಗೆ ನಾನು ಆ ನರ್ಸಿನ ಮೇಜಿಗೆ ಹೋಗಿ, "ಅವರು ಬರ್ತಾರೆ, ಪೆನ್ನಲ್ಲಿ ಬರೀರಿ" ಎಂದೆ. ನಿನ್ನನ್ನು ಕೇಳದೆ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಬರೆದರು.

ಚೆನ್ನಾಗಿರು ಎಂದು ದೂರದಿಂದ ಹಾರೈಸುವ ಹೊತ್ತು ಇದಲ್ಲ. ಬಾ. ಬಂದು, ಆಮೇಲೆ ಬಹಳ ವರ್ಷ ಚೆನ್ನಾಗಿರು.

ನಿನ್ನ ದಾರಿ ನೋಡುತ್ತಾ,
ನಿನ್ನ ಅಕ್ಕನ ಮಗಳು